ತೊಳೆದಿಟ್ಟ ಇಟ್ಟಿಗೆ

ಚೊಕ್ಕಣ್ಣನಿಗೆ ಆ ಅಡ್ಡಹೆಸರು ಇಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ, ಆದರೆ ತಪ್ಪು ಇಟ್ಟರೆಂದು ಯಾರೂ ಹೇಳುವುದಿಲ್ಲ. ಕುರಿ ಸಾಕುವವನೇ ಕುರಿಯ ವಾಸನೆಗೆ ಮೂಗು ಮುರಿದರೆ ಹೇಗೆ ಹೇಳಿ! ಅವನ ದೊಡ್ಡಿಯ ನೆಲ ದಿನಕ್ಕೆರಡು ಸಲ ಪೊರಕೆ ಕಾಣುತ್ತದೆ. ತೊಟ್ಟಿಯ ನೀರು ತಳ ಕಾಣುವಷ್ಟು ತಿಳಿ. ಕುರಿಗಳಿಗೆ ಒಂದೊಂದು ಬಾಚಣಿಗೆ ಕೊಡಿಸುವುದು ಮಾತ್ರ ಬಾಕಿ ಎಂದು ಹೆಂಡತಿ ನಗುತ್ತಾಳೆ.

ಒಂಬತ್ತು ಕುರಿಗಳಲ್ಲಿ ಎಂಟು ಅವನ ಶಿಸ್ತಿಗೆ ಒಗ್ಗಿದ್ದವು. ಒಂಬತ್ತನೆಯದಕ್ಕೆ ಅವನೇ ಕೊಳಕಿ ಎಂದು ಹೆಸರಿಟ್ಟಿದ್ದ. ತೊಟ್ಟಿಯ ತಿಳಿನೀರು ಬಿಟ್ಟು ನಲ್ಲಿಯ ಕೆಳಗಿನ ಮೋರಿಗೆ ಬಾಯಿ ಹಾಕುವುದು ಅದರ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗೊಣಗುತ್ತ ದಿನವೂ ಅದನ್ನು ಎಳೆದು ತರುತ್ತಿದ್ದ.

ಹಿಂದಿನ ವರ್ಷ ಮರಿಗಳು ಸೊರಗಿದ್ದವು. ಪಶುವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, ಇಲ್ಲಿನ ಹುಲ್ಲಿನಲ್ಲಿ ತಾಮ್ರದ ಅಂಶ ಕಡಿಮೆ, ಗಬ್ಬದ ಕುರಿಗೆ ಅದು ಸಾಲದಿದ್ದರೆ ಹೊಟ್ಟೆಯೊಳಗಿನ ಮರಿಯ ನರಗಳು ಸರಿಯಾಗಿ ಬೆಳೆಯುವುದಿಲ್ಲ ಎಂದಿದ್ದರು. ಈ ಸಲ ಗಬ್ಬ ನಿಂತ ಕೂಡಲೇ ಕುರಿಗಳು ನೆಕ್ಕಲೆಂದು ಖನಿಜದ ಇಟ್ಟಿಗೆಗಳನ್ನು ಕೊಟ್ಟು, ದೊಡ್ಡಿಯಲ್ಲಿ ತೂಗುಹಾಕಲು ಹೇಳಿದ್ದರು. ಚೊಕ್ಕಣ್ಣ ತೂಗುಹಾಕಿದ. ಇಟ್ಟಿಗೆಗಳು ಒಂದರ ಹಿಂದೊಂದು ಕರಗಿದವು. ನಮ್ಮ ಕುರಿಗಳ ನಾಲಿಗೆಯೆಂದರೆ ನಾಲಿಗೆ ಎಂದು ಸಿಕ್ಕವರ ಮುಂದೆಲ್ಲ ಬೀಗಿದ.

ಆದರೆ ಮೊದಲು ಹುಟ್ಟಿದ ಮರಿ ಏಳಲೇ ಇಲ್ಲ. ಮೂರನೆಯ ದಿನ ಸತ್ತಿತು. ಎರಡನೆಯದು ಎದ್ದಿತೇನೋ ಸರಿ, ಹಿಂಗಾಲುಗಳು ಒಂದು ಕಡೆ, ಮೈ ಒಂದು ಕಡೆ ವಾಲುತ್ತಿದ್ದವು. ಆಮೇಲೆ ಕೊಳಕಿ ಈದಿತು. ಅದರ ಮರಿ ಗಂಟೆಯೊಳಗೆ ಚಂಗನೆ ನೆಗೆಯಿತು. ಇದ್ಯಾವ ನ್ಯಾಯ ಎಂದು ಚೊಕ್ಕಣ್ಣನಿಗೆ ಅರ್ಥವಾಗಲಿಲ್ಲ. ಇನ್ನೂ ಆರು ಕುರಿಗಳು ಈಯಬೇಕಿತ್ತು, ಪಶುವೈದ್ಯೆಗೆ ಹೇಳಿಕಳಿಸಿದ.

ಪಶುವೈದ್ಯೆ ಬಂದರು. ಒಂದು ಇಟ್ಟಿಗೆ ಎಷ್ಟು ದಿನ ಬರುತ್ತದೆ ಎಂದು ಕೇಳಿದರು. ಹತ್ತು ದಿನ ಎಂದ, ಹೆಮ್ಮೆಯಿಂದಲೇ. ಒಂಬತ್ತು ಕುರಿಗೆ ತಿಂಗಳಾದರೂ ಬರಬೇಕಲ್ಲ ಎಂದು ಅವರು ಹುಬ್ಬು ಗಂಟಿಕ್ಕಿ, ಇಟ್ಟಿಗೆ ತೋರಿಸಲು ಹೇಳಿದರು.

"ಒಂದು ನಿಮಿಷ ಡಾಕ್ಟರಮ್ಮ," ಎಂದ ಚೊಕ್ಕಣ್ಣ, ಕೊಕ್ಕೆಯಿಂದ ಅದನ್ನು ಬಿಡಿಸಿಕೊಳ್ಳುತ್ತ. "ಎಂಜಲಾಗಿದೆ, ತೊಳೆದು ಕೊಡ್ತೀನಿ."

ನಲ್ಲಿ ತಿರುಗಿಸಿ, ಬ್ರಷ್ ತೆಗೆದುಕೊಂಡು ತಿಕ್ಕತೊಡಗಿದ. ಬೆಳಿಗ್ಗೆ ಸಂಜೆ ಇಟ್ಟಿಗೆ ತಿಕ್ಕಿ ಪಳಗಿದ ಕೈ. ಇಟ್ಟಿಗೆ ಕರಗಿದ ಕಂದುಬಣ್ಣದ ನೀರು ಮೋರಿಗೆ ಇಳಿಯಿತು. ಎಲ್ಲಿತ್ತೋ ಕೊಳಕಿ, ಓಡಿ ಬಂದು ಬಾಯಿ ಹಾಕಿತು. ವೈದ್ಯೆ ಮೋರಿ ನೋಡಿದರು, ಕೊಳಕಿಯನ್ನು ನೋಡಿದರು, ಅದರ ಹಿಂದೆಯೇ ಕುಣಿಯುತ್ತ ಬಂದ ಮರಿಯನ್ನು ನೋಡಿದರು.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದವರ ಬಗ್ಗೆ ಕೇಳಿದ್ದೆ, ನಮ್ಮವರು ಮೋರಿಯಲ್ಲೇ ತೊಳೆದರು ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. ಚೊಕ್ಕಣ್ಣ ನಗಲಿಲ್ಲ. ಒರೆಸದೆ ಎಲ್ಲೂ ಕೂರದವನು ಆ ಒದ್ದೆ ನೆಲದ ಮೇಲೇ ಕುಕ್ಕರಿಸಿದ. ಸತ್ತ ಮರಿ ಕಣ್ಣಮುಂದೆ ಬಂದಿತ್ತು.

"ನಾನೇ ತೊಳೆದುಬಿಟ್ಟೆನಲ್ಲಮ್ಮ."

ಉಳಿದ ಆರಕ್ಕೆ ಇನ್ನೂ ಸಮಯವಿದೆ ಎಂದರು ವೈದ್ಯೆ. ಕುರಿಗೆ ತಾಮ್ರ ಹೆಚ್ಚಾದರೂ ವಿಷವೇ, ಆದ್ದರಿಂದ ತಾವೇ ತೂಕ ನೋಡಿ ಅಳೆದು ಔಷಧಿ ಕೊಟ್ಟರು. ಚೊಕ್ಕಣ್ಣ ಮಾಡಬೇಕಾದ ಕೆಲಸ ಒಂದೇ, ಇಟ್ಟಿಗೆ ಮುಟ್ಟದಿರುವುದು. ಅದಕ್ಕಿಂತ ಕಷ್ಟದ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ. ಜೊಲ್ಲು ಮೆತ್ತಿ ಉಣ್ಣೆ ಅಂಟಿದ ಅದರ ಮುಂದೆ ಮುಖ ತಿರುಗಿಸಿಕೊಂಡು ಓಡಾಡಿದ. ಬ್ರಷ್ಷನ್ನು ಹೆಂಡತಿ ಬಚ್ಚಿಟ್ಟಿದ್ದಳು.

ಆರೂ ಕುರಿಗಳು ಈದವು. ಆರು ಮರಿಗಳೂ ಎದ್ದು ನಿಂತವು. ಕೊನೆಯದು ಸ್ವಲ್ಪ ತಡಮಾಡಿದಾಗ ಚೊಕ್ಕಣ್ಣ ಅದರ ಪಕ್ಕದಲ್ಲೇ ಮೊಣಕಾಲೂರಿ ಕಾದಿದ್ದ.

ವಾಲುವ ಮರಿಯ ನರ ಮಾತ್ರ ಮತ್ತೆ ಸರಿಹೋಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಅದರ ಸೊಂಟಕ್ಕೆ ಕೈಕೊಟ್ಟು ತಾಯಿಯ ಕೆಚ್ಚಲಿಗೆ ಹಿಡಿಯುತ್ತಾನೆ. ಕುಡಿದಾದ ಮೇಲೆ ಅದು ಅವನ ಬಿಳಿ ಅಂಗಿಗೇ ಬಾಯಿ ಒರೆಸುತ್ತದೆ.

ಒಂದು ಸಂಜೆ ಹೆಂಡತಿ ಕೈ ಚಾಚಿದಳು. "ಅಂಗಿ ಕೊಡಿ, ಒಗೆದು ಹಾಕ್ತೀನಿ."

ಚೊಕ್ಕಣ್ಣ ಮರಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ.

"ಇರ್ಲಿ ಬಿಡು," ಎಂದ. "ತೊಳೆದಿದ್ದು ಸಾಕು."