ಕೋಳಿಬುಟ್ಟಿಗೆ ಹಿಡಿಯುವ ನಾಯಿ

ಆ ನಾಯಿ ತೆಕ್ಕಟ್ಟೆಯ ನಮ್ಮ ಮನೆಗೆ ಬಂದದ್ದು 2010ರ ಮೇ ತಿಂಗಳಲ್ಲಿ, ಸೋದರಮಾವನ ಅಂಗಿಯ ಜೇಬಿನಲ್ಲಿ. ಮಾವ ಮುಂಬೈಯ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಪ್ರತಿ ರಜೆಯಲ್ಲೂ ಊರಿನವರು ನೋಡಿರದ ಒಂದು ವಸ್ತುವನ್ನು ತರದಿದ್ದರೆ ಅವರಿಗೆ ಸಮಾಧಾನವಿಲ್ಲ. ಹಿಂದಿನ ವರ್ಷ ಚಪ್ಪಾಳೆ ತಟ್ಟಿದರೆ ಉರಿಯುವ ದೀಪ ತಂದಿದ್ದರು. ಅದು ಗುಡುಗಿಗೂ ಉರಿಯುತ್ತಿತ್ತು.

"ಇದ್ ಪಾಕೆಟ್ ನಾಯಿ. ಎಷ್ಟ್ ವರ್ಷ ಆದ್ರೂ ಇಷ್ಟೇ ಇಪ್ಪುದ್, ಗ್ಯಾರಂಟಿ. ಇದ್ರ ತಾಯಿನ ನಾನೇ ಕಂಡಿದೆ, ಅದೂ ಗೇಣುದ್ದವೇ" ಎಂದರು.

ನಮ್ಮಲ್ಲಿ ಬೆಕ್ಕು ಅಡುಗೆಮನೆಯವರೆಗೂ ಬರಬಹುದು, ನಾಯಿ ಮಾತ್ರ ಜಗಲಿ ದಾಟುವಂತಿಲ್ಲ. ಆದರೆ ಇದನ್ನು ಜಗಲಿಯಲ್ಲಿ ಬಿಟ್ಟರೆ ಕಾಗೆಯೇ ಎತ್ತಿಕೊಂಡು ಹೋದೀತು. ತಂಗಿ ಆಗಲೇ ಅದನ್ನು ಲಂಗದಲ್ಲಿ ಸುತ್ತಿಕೊಂಡು ಕುಳಿತಿದ್ದಳು. ಅಮ್ಮಮ್ಮ, ಅಂದರೆ ಅಮ್ಮನಿಗೂ ಮಾವನಿಗೂ ತಾಯಿ, ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದರು. ಆಮೇಲೆ ಹಿತ್ತಲಿನಿಂದ ಹೇಂಟೆಕೋಳಿ ಮುಚ್ಚುವ ಬೆತ್ತದ ಬುಟ್ಟಿಯನ್ನು ತರಿಸಿದರು.

"ಈ ಬುಟ್ಟಿ ಅಡಿಗೆ ಹಿಡುವಲ್ಲಿವರೆಗೆ ಒಳ್ಗ್ ಇರ್ಲಿ. ಹಿಡಿಯದೆ ಇದ್ದ್ ದಿನ ಉಪ್ಪುಂದಕ್ಕೆ ಹೋಯ್ಕ್."

ಉಪ್ಪುಂದದಲ್ಲಿದ್ದದ್ದು ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನ ಮನೆ. ಅಲ್ಲಿ ಅಂಗಳದ ತುಂಬ ಮೀನು ಒಣಗುತ್ತಿತ್ತು, ಅದನ್ನು ಕಾಯುವ ನಾಯಿಗೆ ಹಗಲಿಡೀ ಸರಪಳಿ. ತಂಗಿ ಅದನ್ನು ನೋಡಿ ಬಂದವಳು. ಆ ದಿನದಿಂದ ಅವಳಿಗೆ ಇದ್ದದ್ದು ಒಂದೇ ಚಿಂತೆ, ಮರಿ ಬೆಳೆಯಬಾರದು.

ಅಳೆಯುವ ಕೆಲಸ ನನಗೆ ಬಂತು. ಹೇಂಟೆ ಇಟ್ಟ ಮೊಟ್ಟೆ, ಬಸ್ಸು ತಡವಾದ ದಿನ, ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತಿದ್ದವನು ನಾನೊಬ್ಬನೇ. ಪ್ರತಿ ಭಾನುವಾರ ಬುಟ್ಟಿ ಮುಚ್ಚಿ ನೋಡುವುದು, ಆಮೇಲೆ ಅಪ್ಪನ ಜಿನಸಿನ ಅಂಗಡಿಯಲ್ಲಿ ತೂಕ. ಮೊದಲ ವಾರ ತಕ್ಕಡಿಯಲ್ಲಿ ಅರ್ಧ ಕಿಲೋ ಬೆಲ್ಲವೇ ಹೆಚ್ಚು ತೂಗಿತು. ಕೊಬ್ಬರಿ ಕೊಳ್ಳಲು ಬಂದವರೊಬ್ಬರು, "ಹ್ವಾಯ್, ಇದ್ ಕಿಲೋಗೆ ಎಷ್ಟ್?" ಎಂದು ಕೇಳಿದರು. ತಂಗಿ ಅವರೊಡನೆ ಒಂದು ತಿಂಗಳು ಮಾತಾಡಲಿಲ್ಲ.

ರಜೆ ಮುಗಿಸಿ ಹೊರಡುವಾಗ ಮಾವ ಹೇಳಿದ್ದರು: ಬೆಳಿಗ್ಗೆ ಎರಡು ಚಮಚ ಹಾಲು, ಸಂಜೆ ಎರಡು ಚಮಚ. ಹೆಚ್ಚು ಕೊಟ್ಟರೆ ಜಾತಿ ಕೆಡುತ್ತದೆ. ತಂಗಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಮರಿ ಪೊರಕೆ ಕಡಿಯಿತು, ಗಂಜಿ ತಿಳಿ ಬಸಿದ ಕಲ್ಲನ್ನು ನೆಕ್ಕಿತು, ಅಮ್ಮಮ್ಮನ ಹೆಬ್ಬೆರಳನ್ನು ಚೀಪಿತು. ಮಾವ ಫೋನಿನಲ್ಲಿ, "ಕಾಣಿ, ಎಕ್ದಮ್ ಇಷ್ಟೇ ಅಲ್ದಾ?" ಎಂದು ಹಿಗ್ಗಿದರು. ಅಷ್ಟಕ್ಕೇ ನಿಲ್ಲದೆ, ಫಾರಿನ್ನಲ್ಲಿ ಈಗ ಚಾ ಕಪ್ಪಿಗೆ ಹಿಡಿಯುವ ಹಂದಿ ಬಂದಿದೆಯಂತೆ, ಮುಂದಿನ ರಜೆಗೆ ಅದನ್ನೇ ತರುತ್ತೇನೆ ಎಂದರು.

"ಗದ್ದೆಗ್ ಬಪ್ಪು ಕಾಡ್ ಹಂದಿಗೆ ಮೊದ್ಲ್ ಆ ಕಪ್ ತೋರ್ಸ್ ಮಾಣಿ, ಗೆಣಸಾರೂ ಉಳಿತ್" ಎಂದು ಅಮ್ಮಮ್ಮ ಫೋನಿಟ್ಟರು.

ಜುಲೈಯಲ್ಲಿ ಮರಿ ಮಲಗಿದಲ್ಲಿಂದ ಏಳಲಿಲ್ಲ. ಅಮ್ಮ, ತಂಗಿ, ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಕುಂದಾಪುರದ ದನದ ಡಾಕ್ಟರರಲ್ಲಿಗೆ ಹೋದೆವು. ಅವರು ಹಲ್ಲು ನೋಡಿದರು, ಪಾದ ಹಿಡಿದು ನೋಡಿ ನಕ್ಕರು.

"ಇದ್ ಸಣ್ಣ ಜಾತಿ ಅಲ್ಲ ಮರಾಯ್ರೆ, ಸಣ್ಣ ಮರಿ. ತಾಯಿ ಹಾಲ್ ಬಿಡುಕ್ ಮುಂಚೆ ಎತ್ಕಂಡ್ ಬಂದ್, ತಾಯಿ ಅಂದ್ ಬೇರೆ ನಾಯಿ ತೋರ್ಸಿ ಮಾರಿರ್. ಈ ಕಾಲ್ ಕಾಣಿ, ಎಷ್ಟ್ ದಪ್ಪ! ಹಸಿವ್ ಬಿಟ್ರೆ ಇದ್ಕೆ ಬೇರೆ ಕಾಯ್ಲೆ ಇಲ್ಲ."

ಅಮ್ಮ ಕಪ್ಪಿನ ಹಂದಿಯ ವಿಷಯವನ್ನೂ ಕೇಳಿದರು. ಅದೂ ಹೀಗೆಯೇ ಎಂದರು ಡಾಕ್ಟರು. ಹಂದಿ ತಾನು ಪೂರ್ತಿ ಬೆಳೆಯುವ ಮೊದಲೇ ಮರಿ ಹಾಕುತ್ತದೆ. ಆ ಎಳೆಯ ತಾಯಿಯನ್ನು ತೋರಿಸಿದರೆ, ಕೊಳ್ಳುವವರು ಇದರ ಅಳತೆಯೇ ಇಷ್ಟು ಎಂದುಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ ತಂಗಿ ಮತ್ತೆ ಚಮಚವನ್ನೇ ಹಿಡಿದಳು. "ಇದ್ಕೆ ಹಸಿವ್ ಇಲ್ಲ ಅಮ್ಮಮ್ಮ" ಎನ್ನುತ್ತ ಅಳುತ್ತಿದ್ದಳು. ಅಮ್ಮಮ್ಮ ತೆಂಗಿನ ಗೆರಟೆಯಲ್ಲಿ ಗಂಜಿ ಹಾಕಿ, ಬೂತಾಯಿ ಮೀನಿನ ಮುಳ್ಳು ಬಿಡಿಸಿ ಕಿವುಚಿ ಮುಂದಿಟ್ಟರು. ಮರಿ ಮಲಗಿದಲ್ಲೇ ಮೂಗು ಅರಳಿಸಿತು. ಆಮೇಲೆ ಎದ್ದು ಗೆರಟೆಯ ಸಮೇತ ಅಡುಗೆಮನೆಯ ಮೂಲೆಯವರೆಗೂ ಜಾರಿಕೊಂಡು ಹೋಗಿ ತಿಂದಿತು.

ಸುದ್ದಿ ತಿಳಿದು ಮಾವ ಮುಂಬೈಯಿಂದ ಕೂಗಿದರು. "ಅಮ್ಮಾ, ಜಾತಿ ಹಾಳಾತ್!"

"ಹಸಿವಿಗೆ ಎಂತ ಜಾತಿ? ನೀನೂ ಹುಟ್ಟಿದಾಗ ಗಂಜಿ ಬಸು ಮರ್ಗಿ ಒಳ್ಗ್ ಹಿಡಿತಿದ್ದೆ. ನಾನ್ ಎರಡೇ ಚಮ್ಚ ಕೊಟ್ಟಿದ್ರೆ ಈಗ್ಳೂ ಹಿಡಿತಿದ್ದೆ."

ನನ್ನ ಲೆಕ್ಕ ಅಲ್ಲಿಂದ ಓಡತೊಡಗಿತು. ಆಗಸ್ಟಿನಲ್ಲಿ ಅದು ಅಕ್ಕಿ ತೂಗುವ ಐದು ಕಿಲೋ ಕಲ್ಲನ್ನು ಮೇಲೆತ್ತಿತು. ಬುಟ್ಟಿ ಮುಚ್ಚುವಾಗ ತಂಗಿ ಅದರ ಕಿವಿ ಮಡಚಿ, ಬಾಲವನ್ನು ಒಳಗೆ ತುರುಕಿ, "ಹಿಡಿತ್, ಹಿಡಿತ್" ಎನ್ನುತ್ತಿದ್ದಳು. ಅಕ್ಟೋಬರಿನ ಒಂದು ಭಾನುವಾರ ಬುಟ್ಟಿಯೇ ನಾಲ್ಕು ಕಾಲಿನ ಮೇಲೆ ಅಂಗಳವಿಡೀ ಓಡಿತು. ಹೇಂಟೆಗಳು ಗಾಬರಿಯಾಗಿ ಮನೆಯ ಮಾಡು ಹತ್ತಿದವು.

ದೀಪಾವಳಿಗೆ ಬಂದ ಮಾವ ನಾಯಿಯನ್ನು ಸುತ್ತು ಹೊಡೆದು, ಬುಟ್ಟಿ ಮುಚ್ಚಿ ನೋಡಿದರು; ಅದು ಬೆನ್ನ ಮೇಲೇ ನಿಂತಿತು. "ಬೆತ್ತ ಅಲ್ದಾ, ಬಿಸ್ಲಿಗೆ ಬುಟ್ಟಿಯೇ ಸಣ್ಣ ಆಯ್ತ್ ಕಾಣತ್ತ್" ಎಂದರು. ಅಮ್ಮಮ್ಮ ನಾಯಿಯ ಗೆರಟೆಯನ್ನು ಎತ್ತಿ ಜಗಲಿಯಲ್ಲಿಟ್ಟರು, ನಾಯಿಯೂ ಹಿಂದೆಯೇ ಹೋಯಿತು. ಮರುದಿನ ಬೆಳಿಗ್ಗೆ ಉಪ್ಪುಂದಕ್ಕೆ ಬಾಡಿಗೆ ವ್ಯಾನು ತರಿಸಿ, ಹಗ್ಗ ಹಿಡಿದು ಜಗಲಿಗೆ ಬಂದರು. ತಂಗಿ ನಾಯಿಯ ಕುತ್ತಿಗೆ ತಬ್ಬಿ ಕುಳಿತಿದ್ದಳು. ಅಮ್ಮಮ್ಮ ಪಕ್ಕದಲ್ಲೇ ಅಡಿಕೆ ಕತ್ತರಿಸುತ್ತಿದ್ದರು.

"ಎಲ್ಲಿಗೆ?"

"ಉಪ್ಪುಂದಕ್ಕೆ. ನೀನೇ ಹೇಳಿದ್ದಲ್ದಾ!"

"ಹೇಳಿದ್ದೆ. ಅದ್ ಒಳ್ಗ್ ಇಪ್ಪು ನಾಯಿಗೆ. ಇದ್ ನಿನ್ನೆಯಿಂದ ಜಗಲಿ ಮೇಲ್ ಇತ್ತಲೆ."

ಮಾವ ಹಗ್ಗವನ್ನೂ ತಾಯಿಯನ್ನೂ ನೋಡಿದರು. ವ್ಯಾನಿನವನು ಹಾರ್ನ್ ಒತ್ತಿದ.

"ಗಾಡಿ ಹ್ಯಾಂಗೂ ಬಂದಿತ್ತ್, ನೀನೇ ಹೋಯಿ ಅಕ್ಕನ ಕಂಡ್ಕಂಡ್ ಬಾ" ಎಂದರು ಅಮ್ಮಮ್ಮ.

ಮಾವ ಒಬ್ಬರೇ ಹತ್ತಿದರು. ತಂಗಿ ಒಳಗೆ ಓಡಿ ತನ್ನ ಚಾಪೆ ತಂದು ಜಗಲಿಯಲ್ಲಿ ಹಾಸಿದಳು. ನಾಯಿ ಅದರ ಮೇಲೆ ಉದ್ದಕ್ಕೆ ಮಲಗಿತು. ಅವಳಿಗೆ ಕೂರಲು ಒಂದು ಮೂಲೆ ಉಳಿಯಿತು.