ಡಬ್ಬಿಯಲ್ಲಿದ್ದ ಅಗಸಿ ಹಿಂಡಿ

ಗೆಳತಿಯರೇ, ಇವತ್ತು ನನ್ನ ಸಿಟ್ಟು ನೆತ್ತಿಗೇರಿದೆ. ನನ್ನ ಗಂಡ ಗಚ್ಚಿಬೌಲಿಯ ತಮ್ಮ ಆಫೀಸಿಗೆ ಬಂದಿದ್ದ ಡಯಟಿಷಿಯನ್ ಮಾತು ಕೇಳಿ ಫ್ಲ್ಯಾಕ್ಸ್ ಸೀಡ್ಸ್ ತಂದು, ನನ್ನನ್ನು ಕೇಳದೆ ಚಟ್ನಿಪುಡಿಯ ಡಬ್ಬಿಗೆ ತುಂಬಿಟ್ಟಿದ್ದಾರೆ.

“ಇದರಾಗಿದ್ದ ಅಗಸಿ ಹಿಂಡಿ ಎಲ್ಲೈತ್ರಿ?”

“ಚೆಲ್ಲಿದೆ. ದಿನಾ ಆ ಖಾರಾ ತಿನ್ನೂದು ಸಾಕು. ಇದು ಹಾರ್ಟಿಗೆ ಭಾಳ ಛಲೋ ಐತಿ.”

ಕಲಬುರಗಿಯಿಂದ ಅವ್ವ ಮೊನ್ನೆಯಷ್ಟೇ ಕಳಿಸಿದ್ದ ಹಿಂಡಿ! ಇವರ ಫ್ಲ್ಯಾಕ್ಸ್ ಸೀಡ್ಸ್ ಅಂದರೆ ಇದೇ ಅಗಸಿ; ಅದನ್ನೇ ಹುರಿದು, ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿದ್ದು. ಪೊಟ್ಟಣದ ಮೇಲೆ ಇಂಗ್ಲಿಷ್ ಬರೆದಿದ್ದರೆ ಸಾಕು, ಇವರಿಗೆ ಅದು ಔಷಧಿ!

ಊಟಕ್ಕೆ ಕೂತಾಗ ಜೋಳದ ರೊಟ್ಟಿಯ ಪಕ್ಕ ಒಂದು ಹಿಡಿ ಹಸಿ ಅಗಸಿ ಬಡಿಸಿದೆ.

“ರೊಟ್ಟಿಗೆ ಹಚ್ಕೊಳ್ಳಾಕ ಏನೂ ಇಲ್ಲೇನ?” ಎಂದರು.

“ಐತಲ್ರಿ, ಹಾರ್ಟಿಗೆ ಭಾಳ ಛಲೋ” ಎಂದೆ.

ಇನ್ನೂ ಅಗಿಯುತ್ತಲೇ ಇದ್ದಾರೆ.