ಇಸ್ಮಾಯಿಲನ ಅಂಗಡಿಗೆ ಬಂದ ಅಂಬರ್

ಆಳಂದದ ಇಸ್ಮಾಯಿಲನದು ತಲೆಮಾರುಗಳಿಂದ ಅತ್ತರು ಮಾರುವ ಮನೆತನ. ಕಡಲನ್ನೇ ಕಾಣದ ಅವನು ತಿಮಿಂಗಿಲಗಳ ಕುಲಭೇದವನ್ನು ತಂದೆಯಿಂದ ಅರಿತಿದ್ದ. ನೀಲಿ ತಿಮಿಂಗಿಲವು ಗಾತ್ರದಲ್ಲಿ ಎಲ್ಲಕ್ಕೂ ಹಿರಿದು, ಆದರೆ ಅದಕ್ಕೆ ಹಲ್ಲಿಲ್ಲ. ಹಲ್ಲುಳ್ಳ ಸ್ಪರ್ಮ್ ತಿಮಿಂಗಿಲವು ಕತ್ತಲ ಆಳಕ್ಕಿಳಿದು ಸ್ಕ್ವಿಡ್ ಎಂಬ ಮೆತ್ತನೆಯ ಕಡಲಜೀವಿಗಳನ್ನು ನುಂಗುತ್ತದೆ. ಅವುಗಳ ಅರಗದ ಕೊಕ್ಕುಗಳ ಸುತ್ತ ಅದರ ಕರುಳಿನಲ್ಲಿ ಅಂಬರ್ ಎಂಬ ಸುಗಂಧದ್ರವ್ಯ ಗಟ್ಟಿಗಟ್ಟುತ್ತದೆ. ವನ್ಯಜೀವಿ ಕಾಯ್ದೆಯಂತೆ ಅದನ್ನು ಇಟ್ಟುಕೊಂಡವನಿಗೆ ಈಗ ಸೆರೆವಾಸ. ಆದುದರಿಂದ ಇಸ್ಮಾಯಿಲ ಅದನ್ನು ಎಂದೂ ಅಂಗಡಿಗೆ ಸೇರಿಸಿರಲಿಲ್ಲ.

ಒಂದು ಮಧ್ಯಾಹ್ನ ಬಾಲ್ಯಮಿತ್ರನಾದ ಖಜೂರಿ ಊರಿನ ಲಾರಿ ಚಾಲಕ ಗುರುನಾಥ, ಕೊಂಕಣದಿಂದ ತಂದ ಬೂದುಬಣ್ಣದ ಗಡ್ಡೆಯೊಂದನ್ನು ಅವನ ಮುಂದಿಟ್ಟ.

“ಇದು ಬರೇ ಮೇಣ ಇರ್ಬೇಕಲೇ,” ಎಂದ ಇಸ್ಮಾಯಿಲ. ಹಾಗೆಯೇ ಆಗಲೆಂದು ಮನದಲ್ಲೇ ದುವಾ ಮಾಡಿದ.

“ಸೂಜಿ ಕಾಸಿ ಚುಚ್ಚಿ ನೋಡು. ಯಾಕ, ಅಂಜಾಕತ್ತೀ ಏನು?”

ಮೇಣವೆಂದು ತೋರಿಸಿ ಗೆಳೆಯನನ್ನು ಸಾಗಹಾಕುವ ಆಸೆಯಿಂದ ಇಸ್ಮಾಯಿಲ ಕಾದ ಸೂಜಿಯನ್ನು ಚುಚ್ಚಿದ. ದೈವವು ಪ್ರತಿ ಪ್ರಾರ್ಥನೆಗೂ ಕಿವಿಗೊಡುವುದಿಲ್ಲ. ಗಡ್ಡೆಯು ಕಪ್ಪಾಗಿ ಕರಗಿ, ಬಿಳಿಹೊಗೆಯೆದ್ದು, ಗಾಢವಾದ ಪರಿಮಳವು ಅಂಗಡಿಯನ್ನು ತುಂಬಿ ಬೀದಿಗೆ ಹರಿಯಿತು.

“ತಗೊಂಡ್ ನಡೀಲೇ! ಸೀದಾ ಅರಣ್ಯ ಇಲಾಖೆಗೆ ಒಪ್ಪಿಸು.”

“ನನಗೇನ್ ಹುಚ್ಚ ಹಿಡದದ? ಗಿರಾಕಿನ್ನ ಕರ್ಕೊಂಡ್ ಬರ್ತೇನಿ. ಅಲ್ಲೀತನ ನಿನ್ನ ಹತ್ರನೇ ಇರ್ಲಿ!” ಎನ್ನುತ್ತ ಗುರುನಾಥ ಹೊರಗೋಡಿದ. ಲಾರಿ ಹೊರಟೇಹೋಯಿತು.

ಇಸ್ಮಾಯಿಲ ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿದ, ಡಬ್ಬದಲ್ಲಿಟ್ಟು ಮುಚ್ಚಿದ, ಸಾಬೂನಿನಿಂದ ಕೈ ತಿಕ್ಕಿದ. ಪರಿಮಳ ಹೋಗಲಿಲ್ಲ. ಅಷ್ಟರಲ್ಲಿ ಪೊಲೀಸ್ ಜೀಪೊಂದು ಅಂಗಡಿಯೆದುರು ನಿಂತಿತು. ಅದರ ಚಾಲಕ ನಗುತ್ತ ಇಣುಕಿದ:

“ಇಸ್ಮಾಯಿಲ ಭಾಯಿ, ಏನ್ ಘಮಲು ಇದು! ಸಾಹೇಬ್ರು ಕೇಳಾಕತ್ತಾರ, ಯಾವ ಅತ್ತರ?”